ಸಿಳ್ಳೆ ಬೀಳುವ ಜಾಗ

ಈ ಸಲ ಜಾತ್ರೆಗೆ ಚಿಕ್ಕೇರೂರಿಗೆ ಹೋದಾಗ ನನಗೆ ನಾಯಕಿ ಪಾತ್ರ ಸಿಕ್ತು. ಸ್ಟೇಜ್ ಮೇಲಲ್ಲ ಬಿಡಿ, ನಮ್ಮನೆ ಪಡಸಾಲೆಯಲ್ಲಿ. ಊರ ಹುಡುಗರು ಆಡೋ ನಾಟಕದಲ್ಲಿ ನನ್ನ ತಮ್ಮ ಹೀರೋ. ಹೀರೋಯಿನ್ ಪಾರ್ಟು ಮಾಡೋ ಕಲಾವಿದೆ ಬರೋದು ನಾಟಕದ ಹಿಂದಿನ ದಿನ. ಅಲ್ಲಿವರೆಗೆ ಅವರ ಮಾತನ್ನ ಯಾರಾದ್ರೂ ಓದಬೇಕು, ಇಲ್ಲಾಂದ್ರೆ ಇವನ ಮಾತು ಎತ್ತೋದು ಹೇಗೆ? 'ಅಕ್ಕಾ, ಆ ಲ್ಯಾಪ್‌ಟಾಪ್ ಮುಚ್ಚಿಡು ಸ್ವಲ್ಪ' ಅಂತ ಪುಸ್ತಕ ಕೈಗೆ ಕೊಟ್ಟ.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಜಾತ್ರೆ ಅಂದಮೇಲೆ ನಾಟಕ ಇರಲೇಬೇಕು. ಊರ ಹುಡುಗರು ಪಟ್ಟಿ ಹಾಕ್ತಾರೆ, ಎರಡು ತಿಂಗಳು ರಾತ್ರಿ ತಾಲೀಮು ಮಾಡ್ತಾರೆ, ಹ್ಯಾಂಡ್‌ಬಿಲ್ ಮೇಲೆ ಫೋಟೋ ಹಾಕಿಸ್ಕೊಳ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಹುಬ್ಬಳ್ಳಿ, ಗದಗ, ದಾವಣಗೆರೆ ಕಡೆಯಿಂದ ವೃತ್ತಿ ಕಲಾವಿದೆಯರು ಬರಬೇಕು. ಅವರಿಗೆ ಹತ್ತಾರು ನಾಟಕ ಬಾಯಿಪಾಠ. ನಮ್ಮ ಹುಡುಗರು ಎರಡು ತಿಂಗಳಲ್ಲಿ ಕಲಿತದ್ದನ್ನ ಅವರು ಒಂದೇ ಸಂಜೆಯಲ್ಲಿ ಹೊಂದಿಸಿಕೊಳ್ತಾರೆ.

ನಾಟಕದ ಹೆಸರು ಬೇಡ. ಕಥೆ ನಿಮಗೆ ಗೊತ್ತಿರೋದೇ. ಸಾಹುಕಾರನ ಮಗಳು, ಓದಿದವಳು, ಸೊಕ್ಕಿನವಳು. ಬಡವ ಹೀರೋ, ಒಳ್ಳೆಯವನು. ಅವಳು ಅವನನ್ನ ಹೀಯಾಳಿಸ್ತಾಳೆ, ಅವನು ಅವಳ ಸೊಕ್ಕು ಮುರೀತಾನೆ. ನಡುವೆ ಎಲ್ಲೋ ಒಂದು ಕಡೆ ಕಪಾಳಕ್ಕೆ ಬಾರಿಸ್ತಾನೆ. ಕೊನೆಗೆ ಅವಳು ಕಾಲಿಗೆ ಬೀಳ್ತಾಳೆ.

ಕಪಾಳದ ಸೀನಿಗೆ ಬಂದಾಗ ಪುಸ್ತಕದ ಅಂಚಲ್ಲಿ ನೀಲಿ ಇಂಕಿನಲ್ಲಿ ಬರೆದದ್ದು ಕಾಣಿಸ್ತು: 'ಇಲ್ಲಿ ಸಿಳ್ಳಿ ಬೀಳ್ತಾವ, ತಡಿ.' ಅಕ್ಷರ ನೋಡಿದ ಕೂಡಲೇ ಗೊತ್ತಾಯ್ತು, ಅಪ್ಪನದು. ಪುಸ್ತಕ ಅಪ್ಪನ ಟ್ರಂಕಿನದು. ಇದೇ ಪಾತ್ರ ಅಪ್ಪ ಮೂವತ್ತು ಚಿಲ್ಲರೆ ವರ್ಷದ ಹಿಂದೆ ಮಾಡಿದ್ದ. ಆಗ ಅವ್ವ ಹೊಸ ಸೊಸೆ.

ತಮ್ಮ ಕೈ ಎತ್ತಿದ, ನಾನು ಮುಖ ತಿರುಗಿಸಿದೆ, ಇಬ್ಬರೂ ನಕ್ಕೆವು. ಒಳಗೆ ರೊಟ್ಟಿ ಬಡೀತಿದ್ದ ಸದ್ದು ನಿಂತ್ತು. ಅವ್ವ ಬಾಗಿಲಿಗೆ ಬಂದು ನಿಂತಳು.

'ನಿಮ್ಮಪ್ಪ ಈ ಸೀನ್ ಮಾಡಿದಾಗ ಪೆಂಡಾಲ ಕಿತ್ತು ಹೋಗುವಂಗ ಸಿಳ್ಳಿ. ನಾನೂ ಚಪ್ಪಾಳಿ ಹೊಡದೀನಿ. ಜಾತ್ರಿ ಮುಗದು ಎಂಟ್ ದಿನ ಆಗಿತ್ತು. ಸಾರಿಗೆ ಉಪ್ಪು ಜಾಸ್ತಿ ಆತಂತ ನನ್ನ ಮ್ಯಾಲೆ ಕೈ ಎತ್ತಿದ್ರು.'

ನಾವಿಬ್ಬರೂ ಸುಮ್ಮನಾದೆವು. ಈ ಮಾತು ಮನೆಯಲ್ಲಿ ಯಾವತ್ತೂ ಬಂದಿರಲಿಲ್ಲ.

'ನಿಮ್ಮಜ್ಜಿ ಇಲ್ಲೇ, ಈ ಬಾಗಲದಾಗ ನಿಂತಿದ್ರು. ಪಾರ್ಟು ಮುಗದೈತೋ ತಮ್ಮಾ, ಬಣ್ಣ ತೊಳಕೋ ಅಂದ್ರು. ಆಮ್ಯಾಲೆ ಎತ್ತಲಿಲ್ಲ.'

ಇಷ್ಟು ಹೇಳಿ ಅವ್ವ ಒಳಗೆ ಹೋದಳು. ರೊಟ್ಟಿ ಸದ್ದು ಮತ್ತೆ ಶುರುವಾಯ್ತು. ನಾನು ಅವತ್ತು ರಾತ್ರಿ ನಿದ್ದೆ ಬರದೆ ಫೋನ್ ಹಿಡಿದು ಹಳೇ ಸಿನಿಮಾಗಳನ್ನ ಒಂದೊಂದಾಗಿ ತೆಗೆದು ನೋಡಿದೆ. ಈ ಸೊಕ್ಕು ಮುರಿಯೋ ಕಥೆ ಎಲ್ಲಿಂದ ಬಂತು, ಎಲ್ಲಿ ಹೋಯ್ತು ಅಂತ.

ಒಂದು ದಾರಿ ನಮ್ಮ ಉತ್ತರ ಕರ್ನಾಟಕದಿಂದಲೇ ಹೋಗಿದೆ. 'ಸಂಪತ್ತಿಗೆ ಸವಾಲ್' ಮೊದಲು ಕಂಪನಿ ನಾಟಕ, ಬರೆದವರು ಪಿ.ಬಿ. ಧುತ್ತರಗಿ. 1974ರಲ್ಲಿ ಅದು ಸಿನಿಮಾ ಆಯ್ತು. ರಾಜಕುಮಾರ್ ಎಮ್ಮೆ ಮೇಲೆ ಕೂತು ಹಾಡಿದ್ದು ಯಾರಿಗೆ ಗೊತ್ತಿಲ್ಲ? ತಮ್ಮ ಹಾಡನ್ನ ತಾವೇ ಹಾಡೋದು ಅವರಿಗೆ ರೂಢಿಯಾಗಿದ್ದು ಅಲ್ಲಿಂದಲೇ. ಎದುರಿಗೆ ಮಂಜುಳಾ, ಸಾಹುಕಾರನ ಮಗಳು. ಇವತ್ತು ನೋಡಿದ್ರೂ ಮಂಜುಳಾ ಬಾಯಿ ತೆಗೆದ್ರೆ ಪರದೆ ತುಂಬ್ತಾರೆ. ಅಣ್ಣಾವ್ರ ಎದುರು ಸರಿಸಮ ನಿಂತು ಜಗಳ ಆಡೋ ಹೆಣ್ಣನ್ನ ಜನ ಇಷ್ಟಪಟ್ಟರು. ಆದ್ರೆ ಕಥೆಯ ಕರಾರು ಏನಂದ್ರೆ, ಅವಳು ಕೊನೆಗೆ ತಗ್ಗಬೇಕು. ಎರಡು ಗಂಟೆ ಜಗಳಕ್ಕೆ ಸಿಳ್ಳೆ, ಕೊನೇ ಹತ್ತು ನಿಮಿಷ ತಗ್ಗಿದ್ದಕ್ಕೂ ಸಿಳ್ಳೆ.

ಇನ್ನೊಂದು ದಾರಿ ಇನ್ನೂ ದೂರದ್ದು. ಶೇಕ್ಸ್‌ಪಿಯರ್‌ನ 'ಟೇಮಿಂಗ್ ಆಫ್ ದ ಶ್ರೂ' ನಾಟಕವನ್ನ ಪರ್ವತವಾಣಿಯವರು ಕನ್ನಡಕ್ಕೆ ತಂದು 'ಬಹದ್ದೂರ್ ಗಂಡ' ಮಾಡಿದ್ರು. ಅದೇ 1989ರಲ್ಲಿ 'ನಂಜುಂಡಿ ಕಲ್ಯಾಣ' ಆಯ್ತು. ಗಂಡ ರಾಘವೇಂದ್ರ ರಾಜಕುಮಾರ್, ಸೊಕ್ಕಿನ ಹೆಂಡತಿಯಾಗಿ ಮಾಲಾಶ್ರೀ. ನಿರ್ದೇಶಕ ಎಂ.ಎಸ್. ರಾಜಶೇಖರ್. ಮೂರು ವರ್ಷ ಮೊದಲು, 1986ರಲ್ಲಿ 'ಅನುರಾಗ ಅರಳಿತು' ಮಾಡಿದ್ದೂ ಅವರೇ. ಅದರಲ್ಲಿ ಕಾರ್ಖಾನೆ ಒಡತಿ ಮಾಧವಿ, ಅವಳ ಸೊಕ್ಕು ಇಳಿಸೋ ಕೆಲಸಗಾರ ರಾಜಕುಮಾರ್. ಮೂಲ ಕಾದಂಬರಿ ಎಚ್.ಜಿ. ರಾಧಾದೇವಿಯವರದು. ಹೌದು, ಬರೆದವರು ಹೆಂಗಸು. ಇದೆಲ್ಲ ಗಂಡಸರು ಕೂತು ಹೂಡಿದ ಸಂಚು ಅಂತ ಸುಲಭವಾಗಿ ಹೇಳೋಕಾಗಲ್ಲ. ಮನೆಯೊಳಗಿನ ಓದುಗರೂ ಈ ಕಥೆಯನ್ನ ಬಯಸಿದ್ದರು.

ಎಷ್ಟು ಬಯಸಿದ್ದರು ಅಂದ್ರೆ, ಅದು ತೆಲುಗಿಗೆ 'ಘರಾನಾ ಮೊಗುಡು' ಆಗಿ, ತಮಿಳಿಗೆ 'ಮನ್ನನ್' ಆಗಿ, ಹಿಂದಿಗೆ 'ಲಾಡ್ಲಾ' ಆಗಿ ಹೋಯ್ತು. 'ಮನ್ನನ್'ನಲ್ಲಿ ರಜನಿಕಾಂತ್ ಎದುರು ತಗ್ಗಿದವರು ಯಾರು ಗೊತ್ತಾ? ವಿಜಯಶಾಂತಿ. 1990ರಲ್ಲಿ 'ಕರ್ತವ್ಯಂ' ಸಿನಿಮಾದಲ್ಲಿ ಪೊಲೀಸ್ ಅಧಿಕಾರಿಯಾಗಿ ರಾಷ್ಟ್ರಪ್ರಶಸ್ತಿ ಗೆದ್ದಿದ್ದ ಅದೇ ವಿಜಯಶಾಂತಿ. ಎರಡೇ ವರ್ಷದಲ್ಲಿ ಲಾಠಿ ಕೆಳಗಿಟ್ಟು ಗಂಡನಿಗೆ ತಗ್ಗಬೇಕಾಯ್ತು.

ಆದ್ರೆ ನಮ್ಮವ್ವನಿಗೆ 'ನಂಜುಂಡಿ ಕಲ್ಯಾಣ' ಕೇಳಿ ನೋಡಿ. ಗಂಡ ಹೇಗೆ ಮಣಿಸಿದ ಅನ್ನೋದು ಅವಳಿಗೆ ನೆನಪೇ ಇಲ್ಲ. ನೆನಪಿರೋದು ಮಾಲಾಶ್ರೀ ಕುಡಿದು ಕುಣಿಯೋ ಹಾಡು, ಮಂಜುಳಾ ಗುರುರಾಜ್ ದನಿ. 'ಹಿರೇಕೆರೂರಿಗೆ ಟ್ರ್ಯಾಕ್ಟರ್ ಟ್ರೇಲರಿನಾಗ ಹೋಗಿದ್ವಿ, ಇಪ್ಪತ್ತು ಹೆಣ್ಮಕ್ಕಳು. ಬರೂವಾಗ ದಾರಿ ತುಂಬಾ ಅದ ಹಾಡು. ಮನಿ ಹತ್ರ ಬಂದ ಕೂಡ್ಲೇ ಎಲ್ರೂ ಗಪ್‌ಚಿಪ್' ಅಂತ ಈಗಲೂ ನಗ್ತಾಳೆ. ಆ ಕಾಲದಲ್ಲಿ ಮನೆಮಂದಿ ಕೂತು ನೋಡೋ ಸಿನಿಮಾದಲ್ಲಿ ನಾಯಕಿ ಕುಡಿದು ತೂರಾಡಿದ್ರೂ ಯಾರೂ ಎದ್ದು ಹೋಗಲಿಲ್ಲ. ಯಾಕಂದ್ರೆ ಕೊನೆಗೆ ಅವಳು ತಗ್ತಾಳೆ ಅಂತ ಎಲ್ಲರಿಗೂ ಗೊತ್ತಿತ್ತು. ಆ ಕೊನೇ ದೃಶ್ಯದ ಮರೆಯಲ್ಲಿ ನಾಯಕಿಗೆ ಮೊದಲೆಲ್ಲ ಎಷ್ಟು ಬೇಕಾದ್ರೂ ಕುಣಿಯೋ ಸ್ವಾತಂತ್ರ್ಯ ಇತ್ತು ಅನಿಸುತ್ತೆ ನನಗೆ. ಟ್ರೇಲರಿನಲ್ಲಿ ಬಂದ ಇಪ್ಪತ್ತು ಜನ ಹಾಡನ್ನ ಮನೆಗೆ ತಂದರು, ಕೊನೇ ದೃಶ್ಯವನ್ನ ಟಾಕೀಸಿನಲ್ಲೇ ಬಿಟ್ಟು ಬಂದರು.

ಮಾಲಾಶ್ರೀ ಕೂಡ ಬಿಟ್ಟು ಬಂದರು. ಎರಡೇ ವರ್ಷಕ್ಕೆ, 1991ರಲ್ಲಿ 'ಕಿತ್ತೂರಿನ ಹುಲಿ', 'ಎಸ್.ಪಿ. ಭಾರ್ಗವಿ'. ಹೊಡೆಸಿಕೊಳ್ಳೋ ಪಾತ್ರದವಳು ಹೊಡೆಯೋ ಪಾತ್ರಕ್ಕೆ ಬಂದಳು. 2004ರಲ್ಲಿ ಸಿನಿಮಾದ ಹೆಸರೇ 'ದುರ್ಗಿ'. ನಮ್ಮೂರ ಹುಡುಗರು, ಹೌದು ಹುಡುಗರೇ, ಅದಕ್ಕೂ ಸಿಳ್ಳೆ ಹೊಡೆದರು. ಹೆಣ್ಣು ಹೊಡೆದ್ರೆ ಗಂಡಸರು ನೋಡಲ್ಲ ಅನ್ನೋ ಮಾತು ಸುಳ್ಳು ಅಂತ ನನಗೆ ಗೊತ್ತಾಗಿದ್ದು ಆಗ. ನಾನಿನ್ನೂ ಶಾಲೆಯಲ್ಲಿದ್ದೆ.

ಹಾಗಂತ ಕಾಲ ಮುಂದೆ ಹೋದ ಹಾಗೆ ಎಲ್ಲಾ ಸುಧಾರಿಸ್ತು ಅಂತ ಗೆರೆ ಎಳೆಯೋಕೆ ಹೋದ್ರೆ ಅದು ಸೊಟ್ಟಗಾಗುತ್ತೆ. 1961ರಲ್ಲೇ ಬಿ. ಸರೋಜಾದೇವಿ ಕಿತ್ತೂರು ಚೆನ್ನಮ್ಮ ಆಗಿದ್ದರು. 1971ರಲ್ಲಿ, 'ಸಂಪತ್ತಿಗೆ ಸವಾಲ್'ಗಿಂತ ಮೂರು ವರ್ಷ ಮೊದಲು, ಪುಟ್ಟಣ್ಣ ಕಣಗಾಲರ 'ಶರಪಂಜರ' ಬಂದಿತ್ತು. ತ್ರಿವೇಣಿ ಕಾದಂಬರಿ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದು, ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನ ಗಂಡನೂ ಸುತ್ತಲಿನವರೂ ಸೇರಿ ಮತ್ತೆ ಹುಚ್ಚಿಗೆ ದೂಡುವ ಕಥೆ. ಕಲ್ಪನಾ ಅಭಿನಯ. ಅಲ್ಲಿ ತಪ್ಪು ಯಾರದು ಅನ್ನೋದರಲ್ಲಿ ಅನುಮಾನವೇ ಇಲ್ಲ. ಅಷ್ಟು ನೋಡಿದ ಮೇಲೂ ನಾವು ಮತ್ತೆ ಸೊಕ್ಕು ಮುರಿಯೋ ಕಥೆಗೆ ಟಿಕೆಟ್ ತಗೊಂಡ್ವಿ. ಆಮೇಲೆ ತವರಿನ ಕಥೆಗಳು ಬಂದವು: 2002ರ 'ತವರಿಗೆ ಬಾ ತಂಗಿ', 2005ರ 'ಅಣ್ಣ ತಂಗಿ'. ಅದರ ಬಗ್ಗೆ ಬರೆಯೋಕೆ ಹೋದ್ರೆ ನಮ್ಮ ದೊಡ್ಡವ್ವ ಅತ್ತಿದ್ದೇ ಒಂದು ಅಂಕಣ ಆಗುತ್ತೆ, ಇನ್ನೊಮ್ಮೆ ನೋಡೋಣ.

ಹಿರೇಕೆರೂರು ತಾಲ್ಲೂಕಿನವಳು ಅಂದ್ರೆ ಆಫೀಸಲ್ಲಿ ಸಿನಿಮಾ ಗೊತ್ತಿರೋರು 'ಓ, ಕೌರವನ ಊರು' ಅಂತಾರೆ. 1998ರ 'ಕೌರವ'ದ ಹೀರೋ ಬಿ.ಸಿ. ಪಾಟೀಲರು ಆಮೇಲೆ ನಮ್ಮ ಶಾಸಕರಾದರಲ್ಲ, ಅದಕ್ಕೆ. ಅದೇ ಸಹೋದ್ಯೋಗಿಗಳು 'ಈಗ ಅಂಥಾ ಸಿನಿಮಾ ಎಲ್ಲಿ ಬರ್ತಾವೆ' ಅಂತಾನೂ ಅಂತಾರೆ. ಯಾಕೆ ಬರಲ್ಲ? 2018ರ 'ಕೆಜಿಎಫ್' ಮೊದಲ ಭಾಗ ಇನ್ನೊಮ್ಮೆ ನೋಡಿ. ದುಡ್ಡಿನ ಸೊಕ್ಕಿರೋ ಹುಡುಗಿ, ಅವಳನ್ನ ತಗ್ಗಿಸೋ ಹೀರೋ. ಎಮ್ಮೆ ಇಲ್ಲ, ಬಂದೂಕು ಇದೆ, ಅಷ್ಟೇ ವ್ಯತ್ಯಾಸ. 2022ರ 'ಕಾಂತಾರ'ದಲ್ಲಿ ಲೀಲಾ ಸಮವಸ್ತ್ರ ಹಾಕಿದ ಫಾರೆಸ್ಟ್ ಗಾರ್ಡ್, ನೌಕರಿಗೂ ಊರಿಗೂ ನಡುವೆ ಸಿಕ್ಕಿಬಿದ್ದವಳು. ಬರೆದರೆ ಅವಳದೇ ಒಂದು ಸಿನಿಮಾ ಆಗ್ತಿತ್ತು. ಆದ್ರೆ ಹೀರೋ ಅವಳ ಸೊಂಟ ಚಿವುಟೋದು ಮಾತ್ರ ಹಳೇ ಲೆಕ್ಕದ್ದೇ. ಈ ಸಲ ಅದರ ಬಗ್ಗೆ ಜನ ಪ್ರಶ್ನೆ ಎತ್ತಿದರು, ಅದು ಹೊಸತು. 1974ರಲ್ಲಿ ಯಾರು ಕೇಳ್ತಿದ್ದರು?

ನಿಜವಾಗಿ ಬೇರೆ ಕಡೆಯಿಂದ ನೋಡಿದ ಸಿನಿಮಾ ಅಂದ್ರೆ ನನ್ನ ಲೆಕ್ಕದಲ್ಲಿ ಎರಡು. ಮಂಸೋರೆ ನಿರ್ದೇಶನದ 'ನಾತಿಚರಾಮಿ' (2018), ಗಂಡ ತೀರಿದ ಮೇಲೂ ದೇಹಕ್ಕೆ ಆಸೆ ಇರುತ್ತೆ ಅಂತ ನೇರವಾಗಿ ಹೇಳಿದ್ದು. ಮತ್ತೆ ರೂಪಾ ರಾವ್ ಅವರ 'ಗಂಟುಮೂಟೆ' (2019). ಹೈಸ್ಕೂಲ್ ಪ್ರೇಮದ ಸಿನಿಮಾ ನಮ್ಮಲ್ಲಿ ಎಷ್ಟೋ ಬಂದಿವೆ, ಎಲ್ಲದರಲ್ಲೂ ಹುಡುಗ ನೋಡ್ತಾನೆ, ಹುಡುಗಿ ಕಾಣಿಸ್ತಾಳೆ. ಇಲ್ಲಿ ಮೀರಾ ನೋಡ್ತಾಳೆ. ಹುಡುಗನ ಕೈ, ಅವನು ನಗೋ ರೀತಿ, ಎಲ್ಲ ಅವಳ ಕಣ್ಣಿಂದ. ಇಷ್ಟು ಸಣ್ಣ ಬದಲಾವಣೆಗೆ ಕನ್ನಡ ಸಿನಿಮಾ ಇಷ್ಟು ವರ್ಷ ತಗೊಂಡಿತಾ ಅಂತ ಆಶ್ಚರ್ಯ ಆಯ್ತು. ಅವ್ವನಿಗೆ ತೋರಿಸಿದೆ. ಅರ್ಧಕ್ಕೆ ಮಲಗಿಬಿಟ್ಟಳು. 'ಫೈಟ್ ಇಲ್ಲ, ಹಾಡ್ ಇಲ್ಲ' ಅಂದಳು. ಸರಿ.

ನಾಟಕದ ಹಿಂದಿನ ದಿನ ಮಧ್ಯಾಹ್ನದ ಬಸ್ಸಿಗೆ ಕಲಾವಿದೆ ಬಂದರು. ಊಟ ನಮ್ಮನೆಯಲ್ಲೇ. ನಲವತ್ತೈದರ ಆಸುಪಾಸು, ಇಪ್ಪತ್ತು ವರ್ಷದಿಂದ ಸಾಹುಕಾರನ ಮಗಳಾಗ್ತಾ ಇದ್ದಾರೆ. ಊಟ ಮಾಡ್ತಾ ತಮ್ಮನಿಗೆ ಕೇಳಿದ ಮೊದಲ ಪ್ರಶ್ನೆ: 'ಯಾವ ಕೈಲಿ ಹೊಡೀತೀರಿ ತಮ್ಮಾರ?'

ಅವನು ಬಲಗೈ ತೋರಿಸಿದ.

'ನೋಡ್ರಿ, ಹೊಡದಂಗ ಮಾಡೋದು ನಿಮ್ಮ ಕೆಲಸ, ಹೊಡಸ್ಕೊಂಡಂಗ ಮಾಡೋದು ನಂದು. ಹೊಸಾ ಹುಡುಗ್ರಿಗೆ ಸಿಳ್ಳಿ ಕೇಳಿದ್ರ ಕೈ ನಿಲ್ಲಂಗಿಲ್ಲ. ನನಗ ಎರಡ್ ಸಲ ಖರೇನ ಬಿದ್ದೈತಿ. ಒಂದ್ ಸಲ ಕಿವಿ ವಾರಗಟ್ಲೆ ಗುಂಯ್ ಅಂತಿತ್ತು. ಈಗ ಮೊದಲ ಹೇಳಿಬಿಡ್ತೀನಿ. ಖರೇನ ಬಿತ್ತಂದ್ರ ನಾಟಕ ಅಲ್ಲೇ ನಿಲ್ಲಿಸಿ ಮೈಕಿನಾಗ ಹೇಳ್ತೀನಿ.'

ತಮ್ಮ ತಲೆ ಆಡಿಸಿದ. ಅಪ್ಪ ತಾಟಿನಿಂದ ತಲೆ ಎತ್ತಲಿಲ್ಲ.

ನಾನು ಕೇಳಿದೆ, 'ಅಕ್ಕಾರ, ಕೊನೆಗೆ ಕಾಲಿಗೆ ಬೀಳೋದು?'

'ಅದನ್ನ ಬಿಟ್ಟು ಆರೇಳು ವರ್ಷ ಆತು' ಅಂತ ನಕ್ಕರು. 'ಮಣಕಾಲ ನೋವು ಅಂತ ಒಂದ್ ಊರಾಗ ಬೀಳಲಿಲ್ಲ, ಕೈ ಮುಗದೆ ಅಷ್ಟ. ಯಾರೂ ಯಾಕಂತ ಕೇಳಲಿಲ್ಲ. ಮುಂದಿನ ಊರಾಗ ನೋವು ಇರಲಿಲ್ಲ, ಆದ್ರೂ ಬೀಳಲಿಲ್ಲ. ಆಗೂ ಕೇಳಲಿಲ್ಲ. ಬಿಟ್ಟ ಬಿಟ್ಟೆ.'

ಅವ್ವ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು, ಬೇಡ ಅಂದ್ರೂ.

ನಾಟಕ ಶುರುವಾದಾಗ ರಾತ್ರಿ ಹನ್ನೊಂದು ದಾಟಿತ್ತು. ಸನ್ಮಾನ, ಭಾಷಣ, ಶಾಲು, ಎಲ್ಲಾ ಮುಗೀಬೇಕಲ್ಲ. ಅವ್ವ, ನಾನು, ದೊಡ್ಡವ್ವ ಮುಂದೆ ಚಾಪೆ ಹಾಸಿ ಕೂತಿದ್ವಿ. ಕಪಾಳದ ಸೀನು ಬಂತು. ತಮ್ಮ ಕೈ ಎತ್ತೋಕೆ ಮುಂಚೆನೇ ಹಿಂದಿನಿಂದ ಸಿಳ್ಳೆ. ಅವನು ಎತ್ತಿದ. ಆಕೆ ಹಿಂದೆ ಸರಿಯೋ ಬದಲು ಒಂದು ಹೆಜ್ಜೆ ಮುಂದೆ ಬಂದು ಅವನ ಕಣ್ಣಲ್ಲಿ ಕಣ್ಣಿಟ್ಟು ನಿಂತರು. ತಾಲೀಮಿನಲ್ಲಿ ಹೀಗಿರಲಿಲ್ಲ. ತಮ್ಮನ ಕೈ ಮೇಲೇ ಉಳೀತು. ಪರದೆ ಹಿಂದಿನಿಂದ ಮಾತು ಎತ್ತಿಕೊಡ್ತಿದ್ದ ಮಾಸ್ತರ ದನಿ ನಮಗೂ ಕೇಳಿಸ್ತು, 'ಹೊಡಿಯಲೇ, ಹೊಡಿ' ಅಂತ. ಹಾರ್ಮೋನಿಯಂನವರು ಏನು ಬಾರಿಸಬೇಕು ಗೊತ್ತಾಗದೆ ಒಂದೇ ಸ್ವರ ಹಿಡಿದರು.

ಅವನು ಕೈ ಇಳಿಸಿ, ಅರ್ಧ ಮಾತು ನುಂಗಿ ಮುಂದಿನ ಮಾತಿಗೆ ಹಾರಿದ. ಹಿಂದೆ ಕೂತ ಹುಡುಗರು 'ಏ ಮಾತ್ ಮರತನೋ' ಅಂತ ಕೂಗಿದರು. ಅದರ ನಡುವೆ ಹೆಂಗಸರ ಕಡೆಯಿಂದ ಒಂದು ಸಿಳ್ಳೆ ಬಂತು, ಉದ್ದದ್ದು. ತಿರುಗಿ ನೋಡಿದೆ, ಯಾರು ಅಂತ ಗೊತ್ತಾಗಲಿಲ್ಲ. ದೊಡ್ಡವ್ವ ಸೆರಗು ಬಾಯಿಗೆ ಹಿಡ್ಕೊಂಡು ನಗ್ತಿದ್ದಳು.

ಮರುದಿನ ಎಲ್ಲರೂ ತಮ್ಮನನ್ನ ಮಾತು ಮರೆತ ಹೀರೋ ಅಂತಲೇ ರೇಗಿಸಿದರು. ಅವನು ನನ್ನ ಹತ್ತಿರ ಮಾತ್ರ ಹೇಳಿದ, 'ಮರೆತಿರಲಿಲ್ಲಕ್ಕಾ.' ಪುಸ್ತಕವನ್ನ ವಾಪಸ್ ಟ್ರಂಕಿಗೆ ಹಾಕೋ ಮುಂಚೆ ಅಪ್ಪ ಅದನ್ನ ತಗೊಂಡು ಕಟ್ಟೆ ಮೇಲೆ ಕೂತು ಸುಮಾರು ಹೊತ್ತು ತಿರುವಿ ಹಾಕಿದ. ಯಾವ ಪುಟದಲ್ಲಿ ನಿಂತ ಅಂತ ನಾನು ನೋಡೋಕೆ ಹೋಗಲಿಲ್ಲ. ಬೆಂಗಳೂರಿನ ಬಸ್ಸಿಗೆ ಹೊತ್ತಾಗಿತ್ತು.