ನಮ್ಮ ಹೆಸರಲ್ಲಿ ಮೊಟ್ಟೆಗೆ ಅಡ್ಡ ಬರಬೇಡಿ

ಹುಟ್ಟಿದಾಗಿನಿಂದ ನಾನು ಸಸ್ಯಾಹಾರಿ. ನಮ್ಮ ಮಾಕಳಿದುರ್ಗದ ಕಡೆ ಹಾಗೆ ಬದುಕೋದು ಕಷ್ಟವೇನಲ್ಲ ಬಿಡಿ. ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿಕಾಳಿನ ಸಾರು, ಚಳಿಗಾಲಕ್ಕೆ ಅವರೆಕಾಯಿ... ಬೀಗರ ಊಟಕ್ಕೆ ಹೋದರೂ ನನ್ನಂಥವರಿಗೆ ಅಂತ ಬೇರೆಯಾಗಿ ಅನ್ನ-ಸಾರು ಮಾಡಿಸಿರ್ತಾರೆ. ಮಾಂಸ ತಿನ್ನೋರು ನಮಗೆ ಕೊಡೋ ಮರ್ಯಾದೆ ಇದು. ನಾವು ತಿರುಗಿ ಏನು ಕೊಡ್ತಿದ್ದೀವಿ? ಬೆಂಗಳೂರಲ್ಲಿ "ಸಸ್ಯಾಹಾರಿಗಳಿಗೆ ಮಾತ್ರ ಬಾಡಿಗೆಗೆ" ಅನ್ನೋ ಬೋರ್ಡು!

ಅದೂ ಸಾಲದು ಅಂತ ಮಕ್ಕಳ ತಟ್ಟೆಗೂ ಕೈ ಹಾಕಿದ್ದಾಯ್ತು. 2021ರ ಡಿಸೆಂಬರಿನಲ್ಲಿ ಬೀದರ್, ರಾಯಚೂರು, ಯಾದಗಿರಿ ಸೇರಿ 7 ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಆ ಜಿಲ್ಲೆಗಳಲ್ಲಿ ಅಪೌಷ್ಟಿಕತೆ ಹೆಚ್ಚು ಅಂತಲೇ ಆ ಯೋಜನೆ ತಂದದ್ದು. ತಿನ್ನದ ಮಕ್ಕಳಿಗೆ ಬಾಳೆಹಣ್ಣೂ ಇತ್ತು. ಇನ್ನು ಬಲವಂತ ಎಲ್ಲಿ ಬಂತು?

2014ರ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟವರಲ್ಲಿ ಸಸ್ಯಾಹಾರಿಗಳು ಸುಮಾರು ಶೇ. 21. ಅಂದರೆ ಐದರಲ್ಲಿ ಒಂದು ಪಾಲು. ಉಳಿದ ನಾಲ್ಕು ಪಾಲು ಜನರ ಮಕ್ಕಳು ಏನು ತಿನ್ನಬೇಕು ಅಂತ ಹೇಳೋಕೆ ನಾವ್ಯಾರು ಸ್ವಾಮಿ?

ಬೇಡವಾದರೆ ನೀವು ತಿನ್ನಬೇಡಿ, ನಾನೂ ತಿನ್ನಲ್ಲ. ಹಸಿದ ಮಗುವಿನ ಮೊಟ್ಟೆ ಕಿತ್ತುಕೊಳ್ಳೋದಕ್ಕೆ ಮಾತ್ರ ಅಹಿಂಸೆ ಅಂತ ಹೆಸರಿಡಬೇಡಿ. ಏನಂತೀರಿ?