ಊತದ ಮೇಲಿನ ಹಗೆ

ಊತ ಕಂಡರೆ ನಮಗೆ ತಡೆಯುವುದಿಲ್ಲ. ಕಾಲು ಉಳುಕಲಿ, ಹಲ್ಲು ನೋಯಲಿ, ಮೊದಲು ಊತ ಇಳಿಯಬೇಕು. ಅದು ಯಾಕೆ ಬಂತು, ಅಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ಕೇಳುವ ತಾಳ್ಮೆ ರೋಗಿಗೂ ಇಲ್ಲ, ವೈದ್ಯರಿಗೂ ಇಲ್ಲ. ಈ ಅವಸರದ ಮೇಲೆ ನನಗೆ ಸಿಟ್ಟು ಹುಟ್ಟಿದ್ದು 2016ರಲ್ಲಿ.

ಆ ವರ್ಷ ನಮ್ಮ ತೋಟದ ಕೊನೆಗೌಡ ಅಡಿಕೆ ಮರದಿಂದ ಬಿದ್ದ. ಬೆಳಿಗ್ಗೆ ಒಂಬತ್ತಕ್ಕೆ ಬಿದ್ದವನನ್ನು ಎರಡು ಆಸ್ಪತ್ರೆ ದಾಟಿಸಿ ಮೂರನೆಯದಕ್ಕೆ ಸೇರಿಸುವಾಗ ರಾತ್ರಿ ಎಂಟು. ಸೊಂಟದಿಂದ ಕೆಳಗೆ ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಬೆನ್ನುಹುರಿಯ ಊತ ಇಳಿಸಲೆಂದು ಮೀಥೈಲ್‌ಪ್ರೆಡ್ನಿಸಲೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಕಿಲೋ ತೂಕಕ್ಕೆ 30 ಮಿಲಿಗ್ರಾಂ ಮೊದಲಿಗೇ, ಆಮೇಲೆ 23 ಗಂಟೆ ಕಾಲ ಗಂಟೆಗೆ 5.4 ಮಿಲಿಗ್ರಾಂ. ಅರವತ್ತು ಕಿಲೋದ ಆಳಿಗೆ ಒಂದೇ ದಿನದಲ್ಲಿ ಒಂಬತ್ತು ಗ್ರಾಂಗೂ ಹೆಚ್ಚು!

ಈ ಲೆಕ್ಕ ಎಲ್ಲಿಂದ ಬಂತೆಂದು ಆಮೇಲೆ ಓದಿದೆ. 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 487 ಗಾಯಾಳುಗಳ ಒಂದು ಪ್ರಯೋಗ. ಎಲ್ಲರನ್ನೂ ಒಟ್ಟಿಗೆ ನೋಡಿದರೆ ಲಾಭವಿಲ್ಲ. ಎಂಟು ಗಂಟೆಯೊಳಗೆ ಔಷಧ ಪಡೆದವರನ್ನು ಬೇರೆ ಮಾಡಿ ನೋಡಿದಾಗ ಅಲ್ಪಸ್ವಲ್ಪ. ಜಗತ್ತು ಗಟ್ಟಿಯಾಗಿ ಹಿಡಿದುಕೊಂಡದ್ದು ಈ ಅಲ್ಪಸ್ವಲ್ಪವನ್ನೇ. ನಮ್ಮವನಿಗಂತೂ ಹನ್ನೊಂದು ಗಂಟೆ ಕಳೆದಿತ್ತು. ಮತ್ತೆ ತೋರಿಸಲು ಹೋದಾಗ ಡಾಕ್ಟರನ್ನು ಕೇಳಿಯೇಬಿಟ್ಟೆ. ಸುಳ್ಳು ಹೇಳುವ ಮನುಷ್ಯನಲ್ಲ. "ಕೊಡದಿದ್ರೆ, ಯಾಕೆ ಕೊಡಲಿಲ್ಲ ಅಂತ ನಾಳೆ ನೀವೇ ಬಂದು ಕೇಳ್ತೀರಲ್ಲ ಸಾರ್" ಎಂದರು.

ಅದಕ್ಕೂ ಮೂರು ವರ್ಷ ಮೊದಲೇ, 2013ರಲ್ಲಿ, ಅಮೆರಿಕದ ನರಶಸ್ತ್ರವೈದ್ಯರ ಸಂಘಗಳು ಈ ಔಷಧ ಬೇಡವೆಂದು ಹೇಳಿದ್ದವು. (2017ರಲ್ಲಿ ಇನ್ನೊಂದು ತಜ್ಞರ ಗುಂಪು, ಎಂಟು ಗಂಟೆಯೊಳಗಾದರೆ ಕೊಡಬಹುದೇನೋ ಎಂದು ಅರೆಮನಸ್ಸಿನ ಸಲಹೆ ಕೊಟ್ಟಿತು.) ತಲೆಗೆ ಪೆಟ್ಟಾದವರ ಕಥೆ ಇನ್ನೂ ಕೆಟ್ಟದ್ದು. ಹತ್ತು ಸಾವಿರ ಜನರ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ವಾರದೊಳಗೆ ಸತ್ತವರು ಸ್ಟೀರಾಯ್ಡ್ ಪಡೆದವರಲ್ಲಿ ನೂರಕ್ಕೆ 21, ಪಡೆಯದವರಲ್ಲಿ 18. ಅಲ್ಲಿಯವರೆಗೆ ಎಷ್ಟು ದೇಶಗಳಲ್ಲಿ, ಎಷ್ಟು ವರ್ಷ ಇದನ್ನು ಕೊಟ್ಟಿದ್ದರೋ!

ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ನರವಿಜ್ಞಾನಿ ಮಿಶಾಲ್ ಶ್ವಾರ್ಟ್ಸ್ ಕೇಳಿದ ಪ್ರಶ್ನೆ ತಿರುವುಮುರುವಾದದ್ದು. ಕೈಯ ನರ ತುಂಡಾದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತದೆ. ಅಲ್ಲಿ ಮ್ಯಾಕ್ರೋಫೇಜ್ ಎಂಬ ಕಣಗಳು ನುಗ್ಗಿ, ಸತ್ತ ನರದ ಕಸವನ್ನು ತಿಂದು ದಾರಿ ಬಿಡಿಸುತ್ತವೆ. ಬೆನ್ನುಹುರಿಯಲ್ಲಿ ಆ ಕಸ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. ಹಾಗಾದರೆ ಅಲ್ಲಿರುವ ಕೊರತೆ ಸರಿಯಾದ ಉರಿಯೂತದ್ದೇ ಅಲ್ಲವೆ? ಆ ಕಣಗಳನ್ನು ಹೊರನರದ ತುಂಡುಗಳ ಜೊತೆ ಇಟ್ಟು ಪಳಗಿಸಿ, ಬೆನ್ನುಹುರಿ ಕತ್ತರಿಸಿದ ಇಲಿಗಳಿಗೆ ಸೇರಿಸಿದರು. ಕೆಲವು ಇಲಿಗಳ ಹಿಂಗಾಲು ಸ್ವಲ್ಪ ಮಟ್ಟಿಗೆ ಆಡಿತು. ಅದು 1998ರ ಮಾತು.

ಮನುಷ್ಯರಲ್ಲಿ ಅದು ಫಲಿಸಲಿಲ್ಲ. 2012ರಲ್ಲಿ ಫಲಿತಾಂಶ ಅಚ್ಚಾಯಿತು, ಲಾಭವಿಲ್ಲವೆಂದು. ನನಗೆ ಶ್ವಾರ್ಟ್ಸ್ ಬಗ್ಗೆ ಗೌರವ ಹುಟ್ಟಿದ್ದು ಇಲ್ಲಿಯೇ. ಊತದ ಪರ ವಾದಿಸಿದ ಚಿಕಿತ್ಸೆ ಪರೀಕ್ಷೆಗೆ ನಿಂತಿತು, ಸೋತಿತು, ಯಾರ ಮೈಗೂ ಮತ್ತೆ ಏರಲಿಲ್ಲ. ಊತದ ವಿರುದ್ಧದ ಚಿಕಿತ್ಸೆ ಗೆಲ್ಲದೆಯೇ ಇಷ್ಟು ವರ್ಷ ನಮ್ಮ ಆಸ್ಪತ್ರೆಗಳಲ್ಲಿ ಇಳಿಯಿತು, ಊತ ಕೆಟ್ಟದ್ದೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತಲ್ಲ!

ಉರಿಯೂತವೆಲ್ಲ ಒಳ್ಳೆಯದೆನ್ನುವ ದಡ್ಡತನ ನನಗೆ ಬೇಡ. ಕುಷ್ಠರೋಗದಲ್ಲಿ ನರ ಊದಿಕೊಂಡಾಗ ಬೇಗ ಸ್ಟೀರಾಯ್ಡ್ ಕೊಟ್ಟರೆ ಕೈಬೆರಳು ಉಳಿದೀತು. ತಕರಾರು ಔಷಧದ ಮೇಲಲ್ಲ. "ಇದರಿಂದ ಗುಣವಾಗುತ್ತದೆಂಬ ಪುರಾವೆ ಇಲ್ಲ, ಶ್ವಾಸಕೋಶಕ್ಕೆ ಸೋಂಕು ತಗಲಬಹುದು, ಹೊಟ್ಟೆಯಲ್ಲಿ ರಕ್ತ ಒಸರಬಹುದು, ಏನು ಮಾಡೋಣ?" ಎಂದು ಆ ರಾತ್ರಿ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಯನ್ನು ಒಬ್ಬರೂ ಕೇಳಲಿಲ್ಲ. ನಾನೂ ಪಕ್ಕದಲ್ಲೇ ನಿಂತಿದ್ದೆ, ಬೇಗ ಕೊಡಿ ಎಂದು ಅವಸರಪಡಿಸಿದವನೂ ನಾನೇ.

ಕೊನೆಗೌಡ ಈಗ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಾನೆ. ಕಾಲು ಬರಲಿಲ್ಲ. ಆ ದಿನದ ಔಷಧದ ಬಿಲ್ಲನ್ನು ಅವನ ಹೆಂಡತಿ ಇನ್ನೂ ಮಡಚಿ ಇಟ್ಟುಕೊಂಡಿದ್ದಾಳೆ.