ಕುಲಾವಿ ಹೊಲಿಸುವ ಅವಸರ ಯಾರದು?

"ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು" ಎಂಬ ಮಾತನ್ನು ಕೇಳದ ಕನ್ನಡಿಗ ವಿರಳ. ಕಣ್ಣಿಗೆ ಕಾಣದ ಸರಕಿಗೆ ದರ ಹೇಳುವವನನ್ನು "ನೀರಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದಂತೆ" ಎಂದು ಹಂಗಿಸುವುದುಂಟು. ಇಷ್ಟೂ ಸಾಲದಿದ್ದರೆ "ಆತುರಗಾರನಿಗೆ ಬುದ್ಧಿ ಮಟ್ಟ" ಎಂಬ ತೀರ್ಪು ಸಿದ್ಧವಾಗಿಯೇ ಇದೆ. ಧಾರವಾಡದ ಕಡೆ "ಗಡಬಡಿ ಮನಷ್ಯಾ" ಎಂದುಬಿಟ್ಟರೆ ಮುಗಿಯಿತು. ತಡ ಮಾಡುವವನ ಪಾಲಿಗೆ ಮಾತ್ರ "ನಿಧಾನವೇ ಪ್ರಧಾನ" ಎಂಬ ಗೌರವ! ಹಲವು ದಶಕ ಕಡತಗಳ ನಡುವೆ ಕಳೆದ ನನಗೆ ಈ ಕೊನೆಯ ಗಾದೆ ಸರ್ಕಾರಿ ಕಚೇರಿಗೆಂದೇ ಹುಟ್ಟಿದಂತೆ ತೋರುತ್ತದೆ.

ಈ ಮಾತುಗಳೆಲ್ಲ ಅವಸರವನ್ನು ಬುದ್ಧಿಯ ಕೊರತೆಯೆಂದೇ ಬಗೆಯುತ್ತವೆ. ಅಳ್ನಾವರ, ಕಲಘಟಗಿ ಸೀಮೆಯ ಹೊಲಗಳು ಬೇರೆಯದನ್ನೇ ಹೇಳುತ್ತವೆ. ಮಲೆನಾಡಿನ ಸೆರಗಿನ ಈ ಪ್ರದೇಶದಲ್ಲಿ ಭತ್ತವನ್ನು ಸಸಿ ನಾಟಿ ಮಾಡುವುದಕ್ಕಿಂತ ಕೂರಿಗೆಯಿಂದ ಬಿತ್ತುವುದೇ ಹಳೆಯ ರೂಢಿ. ಮುಂಗಾರು ಕಾಲಿಡುವ ಮೊದಲೇ, ಮೇ ತಿಂಗಳ ಕೊನೆಯ ಹೊತ್ತಿಗೆ ಬೀಜ ಮಣ್ಣು ಸೇರತೊಡಗುತ್ತದೆ. ಹೊರಗಿನವರಿಗೆ ಇದು ಆತುರವೆನಿಸೀತು. ಮಳೆ ಹಿಡಿದ ಮೇಲೆ ಎರೆನೆಲದಲ್ಲಿ ಕೂರಿಗೆ ಓಡಿಸಲಾಗದು ಎಂಬುದನ್ನು ಬಲ್ಲವನ ಲೆಕ್ಕಾಚಾರ ಅದು. ಕಾಯಬೇಕಾದಲ್ಲಿ ಕಾಯಲು ಈ ರೈತನಿಗೆ ಯಾರೂ ಪಾಠ ಹೇಳಬೇಕಿಲ್ಲ.

ಅದೇ ರೈತ ತನ್ನ ಮಾವಿನ ತೋಟವನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಕೊಟ್ಟುಬಿಡುವುದೇಕೆ? ಧಾರವಾಡದ ಆಪೂಸಿಗೆ ಒಳ್ಳೆಯ ಹೆಸರಿದೆ. ಆದರೂ ಕಾಯಿ ಕಾಣುವ ಮುನ್ನವೇ ದರ ಗೊತ್ತಾಗಿರುತ್ತದೆ. ನೀರಲ್ಲಿರುವ ಎಮ್ಮೆಯ ವ್ಯಾಪಾರವೆಂದರೆ ಇದೇ. ಮಗಳ ಮದುವೆ, ಆಸ್ಪತ್ರೆ, ಕಾಲೇಜಿನ ಶುಲ್ಕ ಯಾವುದೂ ಹಣ್ಣು ಮಾಗುವ ಮೇ ತಿಂಗಳವರೆಗೆ ಕಾಯುವುದಿಲ್ಲ. ಹೂ ಉದುರಿದರೆ ನಷ್ಟ ಗುತ್ತಿಗೆದಾರನದು ನಿಜ, ಆ ಅಪಾಯದ ಬೆಲೆಯನ್ನೂ ಮುಂಗಡದ ಬಡ್ಡಿಯನ್ನೂ ಆತ ದರದಲ್ಲಿಯೇ ಮುರಿದುಕೊಂಡಿರುತ್ತಾನೆ. ಬಳಿಕ ಅವಸರ ಅವನದಾಗುತ್ತದೆ. ಹಂಗಾಮಿನ ಮೊದಲ ದರ ಹಿಡಿಯಲು ಬಲಿಯದ ಕಾಯಿ ಕಿತ್ತು, ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟು ಹಣ್ಣು ಮಾಡುವವರಿದ್ದಾರೆ. 2011ರ ಆಹಾರ ಸುರಕ್ಷತಾ ನಿಯಮಗಳು ಇದನ್ನು ನಿಷೇಧಿಸಿವೆ. ತೋಟದ ಒಡೆಯನ ಕೊರತೆ ಪೇಟೆಯ ಗ್ರಾಹಕನ ತಟ್ಟೆಯವರೆಗೂ ಬರುವುದು ಹೀಗೆ.

ಸಾಲ ಸಿಗುವುದಿಲ್ಲವೇ ಎಂದು ಕೇಳಬಹುದು. ಕಿಸಾನ್ ಕ್ರೆಡಿಟ್ ಕಾರ್ಡ್ ಬಂದದ್ದು 1998ರಲ್ಲಿ. ಆದರೆ ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದ್ದರೆ ಬ್ಯಾಂಕಿನವರು ಏನು ಮಾಡಿಯಾರು? ಪೌತಿ ಖಾತೆಗೆ ವಂಶವೃಕ್ಷ ಬೇಕು, ಮರಣ ಪ್ರಮಾಣಪತ್ರ ಬೇಕು, ಊರು ಬಿಟ್ಟ ದಾಯಾದಿಗಳ ಒಪ್ಪಿಗೆಯೂ ಬೇಕು. ಅರ್ಜಿ ಮೇಜಿನಿಂದ ಮೇಜಿಗೆ ನಿಧಾನವೇ ಪ್ರಧಾನವೆಂದು ಸಾಗುವಾಗ ರೈತ ಗುತ್ತಿಗೆದಾರನ ಮುಂಗಡಕ್ಕೆ ಕೈಯೊಡ್ಡುತ್ತಾನೆ. ಆಗ ಅವನನ್ನು ಆತುರಗಾರನೆನ್ನುವುದು ಅನ್ಯಾಯ. ಟೆಂಡರಿಗೆ ಮೊದಲೇ ಶಂಕುಸ್ಥಾಪನೆ ಮಾಡುವವರಿಗೆ ಬೇಕಾದರೆ ಕುಲಾವಿಯ ಗಾದೆ ಮೀಸಲಿರಲಿ.

2017–18ರ ಆಯವ್ಯಯದಲ್ಲಿ ಘೋಷಿತವಾದ 49 ಹೊಸ ತಾಲ್ಲೂಕುಗಳಲ್ಲಿ ಅಳ್ನಾವರವೂ ಒಂದು. ಕಚೇರಿಯನ್ನು ಜನರ ಸಮೀಪಕ್ಕೆ ತರುವುದೇ ಅದರ ಉದ್ದೇಶ. ಇಲ್ಲಿ ಮಾವು ಹೂವಾಗುವುದು ಸಾಮಾನ್ಯವಾಗಿ ಡಿಸೆಂಬರ್–ಜನವರಿಯಲ್ಲಿ. ತಾಲ್ಲೂಕು ಆಡಳಿತ ಪ್ರತಿವರ್ಷ ನವೆಂಬರ್ ಮುಗಿಯುವುದರೊಳಗೆ ಮಾವು ಬೆಳೆಗಾರರ ಪೌತಿ ಖಾತೆಗಳನ್ನು ವಿಲೇವಾರಿ ಮಾಡಲಿ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಹೂವಿನ ಕಾಲಕ್ಕೆ ಕೊಟ್ಟು ಹಣ್ಣಿನ ಕಾಲಕ್ಕೆ ವಸೂಲು ಮಾಡುವ ಐದು ತಿಂಗಳ ಸಣ್ಣ ಸಾಲ ಕೊಡಲಿ.